ಗ್ರಿಡ್ ಸ್ಟಡಿಗೆ ಸೋಲಾರ್ ಪ್ಲಾಂಟ್ ಮಾಡೆಲ್: ಪ್ಯಾನೆಲ್, ಎಂಪಿಪಿಟಿ ಎಲ್ಲಾ ಬೇಕಾ, ಎಷ್ಟು ಸರಳ ಮಾಡಬಹುದು?

ಪವರ್‌ಸಿಸ್ಟಮ್_ವಿದ್ಯಾರ್ಥಿ

ಎಲ್ಲರಿಗೂ ನಮಸ್ಕಾರ. ಎಂ.ಟೆಕ್ ಪವರ್ ಸಿಸ್ಟಮ್ಸ್ ಓದುತ್ತಿದ್ದೇನೆ, ಈಗ ಪ್ರಾಜೆಕ್ಟ್ ವರ್ಷ. ಪಾವಗಡದಂಥ ದೊಡ್ಡ ಸೋಲಾರ್ ಪಾರ್ಕ್ ಇರುವ ಕಡೆ ಹತ್ತಿರದ 220 ಕೆವಿ ಲೈನ್‌ನಲ್ಲಿ ಮೂರು ಫೇಸ್ ಫಾಲ್ಟ್, ಅಂದರೆ ಶಾರ್ಟ್ ಸರ್ಕ್ಯೂಟ್, ಆಯಿತು, 100 ಮಿಲಿಸೆಕೆಂಡಿನಲ್ಲಿ ಬ್ರೇಕರ್ ತೆರೆಯಿತು ಅಂತ ಇಟ್ಟುಕೊಳ್ಳಿ. ಆಮೇಲಿನ ಹತ್ತು ಸೆಕೆಂಡು ವೋಲ್ಟೇಜ್ ಹೇಗಿರುತ್ತದೆ, ಪವರ್ ಎಷ್ಟು ಬೇಗ ವಾಪಸ್ ಬರುತ್ತದೆ, ಉಳಿದ ಜನರೇಟರ್‌ಗಳ ಆಂಗಲ್ ಏನಾಗುತ್ತದೆ ಅಂತ ನೋಡಬೇಕು.

ಸಿಮ್ಯುಲಿಂಕ್‌ನಲ್ಲಿ ಒಂದು 2.5 ಮೆಗಾವಾಟ್ ಇನ್ವರ್ಟರ್‌ನ ಪೂರ್ತಿ ಮಾಡೆಲ್ ಕಟ್ಟಿದ್ದೇನೆ. ಪ್ಯಾನೆಲ್‌ಗೆ ಸಿಂಗಲ್ ಡಯೋಡ್ ಸಮೀಕರಣ, ಎಂಪಿಪಿಟಿ (ಪ್ಯಾನೆಲ್‌ನಿಂದ ಗರಿಷ್ಠ ಪವರ್ ಎಳೆಯುವ ಕಂಟ್ರೋಲ್), ಡಿಸಿ ಲಿಂಕ್, ಪಿಡಬ್ಲ್ಯೂಎಂ (ಇನ್ವರ್ಟರ್ ಸ್ವಿಚ್‌ಗಳ ವೇಗದ ಆನ್-ಆಫ್), ಪಿಎಲ್‌ಎಲ್ (ಗ್ರಿಡ್ ವೋಲ್ಟೇಜ್‌ನ ಆಂಗಲ್ ಹಿಂಬಾಲಿಸುವ ಭಾಗ), ಕರೆಂಟ್ ಕಂಟ್ರೋಲರ್ ಎಲ್ಲಾ ಇದೆ. ಚೆನ್ನಾಗಿಯೇ ಓಡುತ್ತದೆ, ಆದರೆ ಸ್ಟೆಪ್ ಇರುವುದು ಮೈಕ್ರೊಸೆಕೆಂಡುಗಳಲ್ಲಿ. 50 ಮೆಗಾವಾಟ್ ಅಂದರೆ ಇಂಥವು 20 ಬೇಕು. ಇಡೀ ಪಾರ್ಕ್ ಅಂದರೆ ನೂರಾರು. ಇದನ್ನೆಲ್ಲ ಕೆಲವು ನೂರು ಬಸ್ ಇರುವ ನೆಟ್‌ವರ್ಕಿಗೆ ಸೇರಿಸಿ ಓಡಿಸುವುದು ನನ್ನ ಲ್ಯಾಪ್‌ಟಾಪಿಗೆ ಆಗದ ಮಾತು.

ಗ್ರಿಡ್ ಸ್ಟಡಿ ಸಾಫ್ಟ್‌ವೇರ್ ಆದ ಪಿಎಸ್‌ಎಸ್‌ಇ ಲೈಬ್ರರಿಯಲ್ಲಿ ರೆಡಿ ಮಾಡೆಲ್‌ಗಳಿವೆ. ತೆರೆದು ನೋಡಿದರೆ ಅದರಲ್ಲಿ ಪ್ಯಾನೆಲ್ಲೇ ಇಲ್ಲ! "ಎಂಪಿಪಿಟಿ ಇಲ್ಲದೆ ಅದು ಸೋಲಾರ್ ಹೇಗೆ ಆಗುತ್ತದೆ, ಯಾವುದೋ ಕರೆಂಟ್ ಸೋರ್ಸ್ ಅಷ್ಟೇ ಅಲ್ವಾ" ಅಂತ ಗೈಡ್ ಕೇಳುತ್ತಿದ್ದಾರೆ. ಅವರಿಗೆ ಏನು ಹೇಳಲಿ? ಯಾವುದನ್ನು ಬಿಡಬಹುದು, ಯಾವುದನ್ನು ಬಿಡಲೇಬಾರದು? 20 ಇನ್ವರ್ಟರ್‌ಗಳನ್ನು ಒಂದೇ ಮಾಡಿ ತೋರಿಸುವುದು ಸರಿಯಾ? ಕೇಬಲ್‌ಗಳನ್ನು ಏನು ಮಾಡಲಿ? ಅನುಭವ ಇರುವವರು ದಯವಿಟ್ಟು ಹೇಳಿ.

ಲಕ್ಕವಳ್ಳಿ_ಲೋಡ್‌ಫ್ಲೋ

ನಿಮ್ಮ ಗೈಡ್ ಕೇಳಿದ್ದು ಒಳ್ಳೆಯ ಪ್ರಶ್ನೆ. "ಎಲ್ಲರೂ ಹಾಗೇ ಮಾಡುತ್ತಾರೆ" ಅಂತ ಉತ್ತರ ಕೊಡಬೇಡಿ, ಕಾರಣ ಹೇಳಿ.

ಮೊದಲು ಒಂದು ಥರ್ಮಲ್ ಯೂನಿಟ್ ನೋಡಿ. ಫಾಲ್ಟ್ ಆದಾಗ ಪವರ್ ಹೊರಗೆ ಹೋಗುವುದಿಲ್ಲ, ಆದರೆ ಟರ್ಬೈನ್ ತಳ್ಳುತ್ತಲೇ ಇರುತ್ತದೆ. ಹೆಚ್ಚಾದ ಶಕ್ತಿ ರೋಟರ್‌ಗೆ ಹೋಗುತ್ತದೆ, ಅದು ವೇಗ ಹಿಡಿಯುತ್ತದೆ, ಆಂಗಲ್ ಮುಂದಕ್ಕೆ ಓಡುತ್ತದೆ. ಸೋಲಾರ್‌ನಲ್ಲಿ ಹೀಗಾಗುವುದಿಲ್ಲ. ಇನ್ವರ್ಟರ್ ಪವರ್ ಹೊರಗೆ ಹಾಕದಿದ್ದರೆ ಡಿಸಿ ವೋಲ್ಟೇಜ್ ಏರುತ್ತದೆ, ಅದು ಏರಿದಂತೆ ಪ್ಯಾನೆಲ್ ತನ್ನ ಐ-ವಿ ಕರ್ವ್ ಮೇಲೆ ಓಪನ್ ಸರ್ಕ್ಯೂಟ್ ಕಡೆಗೆ ಸರಿಯುತ್ತದೆ, ಕರೆಂಟ್ ತಾನಾಗಿಯೇ ಇಳಿಯುತ್ತದೆ. ಕೂಡಿಟ್ಟ ಶಕ್ತಿ ಅಂದರೆ ಡಿಸಿ ಕೆಪಾಸಿಟರ್‌ನಲ್ಲಿ ಇರುವಷ್ಟು ಮಾತ್ರ, ಅದು ಮಿಲಿಸೆಕೆಂಡುಗಳ ಲೆಕ್ಕ. ಫಾಲ್ಟ್ ಹೋದ ಮೇಲೆ ಡಿಸಿ ಕಡೆ ಬೇಗ ತನ್ನ ಜಾಗಕ್ಕೆ ಬರುತ್ತದೆ. ಪವರ್ ನಿಧಾನವಾಗಿ ವಾಪಸ್ ಬಂದರೆ ಅದಕ್ಕೆ ಕಾರಣ ಸಾಮಾನ್ಯವಾಗಿ ಕಂಟ್ರೋಲರ್‌ನಲ್ಲಿ ಹಾಕಿಟ್ಟ ರ‍್ಯಾಂಪ್, ಪ್ಯಾನೆಲ್ ಅಲ್ಲ. ನೀವು ನೋಡುವ ಹತ್ತು ಸೆಕೆಂಡಿನಲ್ಲಿ ಬಿಸಿಲು ಬದಲಾಗುವುದಿಲ್ಲ ಅಂತಲೇ ಹಿಡಿಯಬಹುದು. ದೊಡ್ಡ ಪಾರ್ಕ್ ಮೇಲೆ ಮೋಡ ಹಾದುಹೋಗಲು ಅದಕ್ಕಿಂತ ಜಾಸ್ತಿ ಹೊತ್ತು ಬೇಕು. ಹಾಗಾಗಿ ಡಿಸಿ ಕಡೆಯನ್ನು ಪೂರ್ತಿ ಬಿಟ್ಟು "ಸಿಗುವ ಪವರ್ ಇಷ್ಟು" ಅಂತ ಒಂದು ಸ್ಥಿರ ಸಂಖ್ಯೆ ಇಟ್ಟರೆ ಸಾಕು. ಪಿಡಬ್ಲ್ಯೂಎಂ ಕಿಲೋಹರ್ಟ್ಸ್‌ನಲ್ಲಿ ನಡೆಯುವಂಥದ್ದು, ನಿಮ್ಮ ಸ್ಟೆಪ್ 5 ಮಿಲಿಸೆಕೆಂಡು. ಅದು ಅಲ್ಲಿ ಕಾಣುವುದೂ ಇಲ್ಲ. ಒಳಗಿನ ಕರೆಂಟ್ ಲೂಪ್ ಕೂಡ ಒಂದು 0.02 ಸೆಕೆಂಡಿನ ಲ್ಯಾಗ್ ಆಗಿಬಿಡುತ್ತದೆ.

ಇಷ್ಟು ತೆಗೆದ ಮೇಲೆ ಮೂರು ತುಂಡು ಉಳಿಯುತ್ತವೆ. ಅಮೆರಿಕದ ಪಶ್ಚಿಮ ಭಾಗದ ಗ್ರಿಡ್‌ನವರು, ಅಂದರೆ ಡಬ್ಲ್ಯೂಇಸಿಸಿ, ಮುಂದೆ ನಿಂತು ರೂಪಿಸಿದ ಜೆನೆರಿಕ್ ಮಾಡೆಲ್‌ಗಳು ಇವೇ. ಆರ್‌ಇಜಿಸಿ ಅಂದರೆ ಕನ್ವರ್ಟರ್ ಮತ್ತು ಗ್ರಿಡ್ ಸೇರುವ ಜಾಗ, ಆರ್‌ಇಇಸಿ ಅಂದರೆ ಇನ್ವರ್ಟರ್‌ನ ಎಲೆಕ್ಟ್ರಿಕಲ್ ಕಂಟ್ರೋಲ್, ಆರ್‌ಇಪಿಸಿ ಅಂದರೆ ಪ್ಲಾಂಟ್ ಮಟ್ಟದ ಕಂಟ್ರೋಲರ್, ನಮ್ಮವರು ಪಿಪಿಸಿ ಅನ್ನುತ್ತಾರಲ್ಲ ಅದು.

ಬಿಡಲೇಬಾರದ್ದು ಕರೆಂಟ್ ಲಿಮಿಟ್. ಸೋಲಾರ್ ಪ್ಲಾಂಟಿನ ಫಾಲ್ಟ್ ಸಮಯದ ಸ್ವಭಾವ ಮುಕ್ಕಾಲು ಪಾಲು ಅದರಲ್ಲೇ ಇದೆ. ಒಂದು ಲೆಕ್ಕ ಮಾಡಿ ನೋಡೋಣ. ಪ್ಲಾಂಟ್ ಪೂರ್ತಿ ಪವರ್‌ನಲ್ಲಿ, 1.0 ಪಿಯು (ಪರ್ ಯೂನಿಟ್, ಅಂದರೆ ರೇಟಿಂಗ್‌ನ ಎಷ್ಟು ಪಟ್ಟು) ಓಡುತ್ತಿದೆ. ಫಾಲ್ಟ್‌ನಿಂದ ಟರ್ಮಿನಲ್ ವೋಲ್ಟೇಜ್ 0.5ಕ್ಕೆ ಬಿತ್ತು. ಇನ್ವರ್ಟರ್‌ನ ಗರಿಷ್ಠ ಕರೆಂಟ್ 1.1. ವೋಲ್ಟೇಜ್ 0.9ಕ್ಕಿಂತ ಎಷ್ಟು ಕೆಳಗಿದೆಯೋ ಅದರ ಎರಡು ಪಟ್ಟು ರಿಯಾಕ್ಟಿವ್ ಕರೆಂಟ್ ಕೊಡು ಅಂತ ಸೆಟ್ಟಿಂಗ್ ಇದೆ ಅಂತಿಟ್ಟುಕೊಳ್ಳಿ, ಅಂದರೆ ಕೆಕ್ಯೂವಿ 2. ಆಗ ರಿಯಾಕ್ಟಿವ್ ಕರೆಂಟ್ 2 × 0.4 = 0.8. ಕ್ಯೂ ಪ್ರಯಾರಿಟಿ, ಅಂದರೆ ರಿಯಾಕ್ಟಿವ್‌ಗೆ ಮೊದಲ ಪಾಲು, ಇದ್ದರೆ ಆ್ಯಕ್ಟಿವ್‌ಗೆ ಉಳಿಯುವುದು 1.21ರಲ್ಲಿ 0.64 ಕಳೆದು ವರ್ಗಮೂಲ, ಸುಮಾರು 0.75. ಪವರ್ ಅಂದರೆ 0.5 × 0.75, ಹೆಚ್ಚುಕಡಿಮೆ 0.38. ಅದೇ ಪ್ಲಾಂಟ್‌ಗೆ ಪಿ ಪ್ರಯಾರಿಟಿ ಹಾಕಿ. 1.0 ಪವರ್ ಕೊಡಲು 2.0 ಕರೆಂಟ್ ಬೇಕು, ಸಿಗುವುದು 1.1, ಎಲ್ಲವೂ ಆ್ಯಕ್ಟಿವ್‌ಗೇ ಹೋಯಿತು. ಪವರ್ 0.55, ರಿಯಾಕ್ಟಿವ್ ಸೊನ್ನೆ. ನೋಡಿ, ಒಂದೇ ಒಂದು ಫ್ಲ್ಯಾಗ್ (ಮಾಡೆಲ್‌ನ ಆಯ್ಕೆ ಸ್ವಿಚ್)! ಅದನ್ನು ತಿರುಗಿಸಿದರೆ ಪಕ್ಕದ ಬಸ್‌ನ ವೋಲ್ಟೇಜ್ ಕಥೆಯೇ ಬೇರೆ. ಡಯೋಡ್ ಸಮೀಕರಣ ಎಷ್ಟು ಚೆಂದ ಬರೆದರೂ ಈ ವ್ಯತ್ಯಾಸ ಅದರಿಂದ ಬರುವುದಿಲ್ಲ.

ಕೇಬಲ್ ವಿಷಯ. 20 ಇನ್ವರ್ಟರ್‌ಗಳನ್ನು ಒಂದು ಮಾಡುವುದು ಸರಿ, ಎಲ್ಲವೂ ಒಂದೇ ಮಾದರಿಯವು, ಒಂದೇ ಸೆಟ್ಟಿಂಗ್‌ನವು ಆಗಿದ್ದರೆ. ಇನ್ವರ್ಟರ್ ಪಕ್ಕದ ಐಡಿಟಿ ಟ್ರಾನ್ಸ್‌ಫಾರ್ಮರ್‌ಗಳಿಗೆ ಪಿಯು ಇಂಪೆಡೆನ್ಸ್ ಹಾಗೇ ಇರಲಿ, ಎಂವಿಎ ಬೇಸ್ ಮಾತ್ರ 20 ಪಟ್ಟು ಮಾಡಿ. 33 ಕೆವಿ ಕೇಬಲ್‌ಗೆ ಸುಮ್ನೆ ಎಲ್ಲಾ ತುಂಡುಗಳನ್ನು ಕೂಡಬೇಡಿ. ನಷ್ಟ ಸರಿಯಾಗಿ ಬರಬೇಕಾದರೆ ಪ್ರತಿ ತುಂಡಿನ ಇಂಪೆಡೆನ್ಸ್ ಅನ್ನು ಅದರ ಮೂಲಕ ಹೋಗುವ ಇನ್ವರ್ಟರ್‌ಗಳ ಸಂಖ್ಯೆಯ ವರ್ಗದಿಂದ ಗುಣಿಸಿ, ಎಲ್ಲಾ ಕೂಡಿ, ಒಟ್ಟು ಸಂಖ್ಯೆಯ ವರ್ಗದಿಂದ ಭಾಗಿಸಬೇಕು. ಒಂದು ಫೀಡರ್‌ನಲ್ಲಿ ಸಾಲಾಗಿ ನಾಲ್ಕು ಇನ್ವರ್ಟರ್, ನಡುವೆ ಒಂದೇ ಉದ್ದದ ತುಂಡುಗಳು ಅಂದರೆ 1, 4, 9, 16 ಕೂಡಿದರೆ 30. 16ರಿಂದ ಭಾಗಿಸಿದರೆ ಒಂದು ತುಂಡಿನ 1.875 ಪಟ್ಟು. ಕೇಬಲ್ ಚಾರ್ಜಿಂಗ್ ಮಾತ್ರ ನೇರವಾಗಿ ಕೂಡಿ, ಅದನ್ನು ಬಿಡಬೇಡಿ, ಬೆಳಗ್ಗೆ ಮತ್ತು ರಾತ್ರಿ ವೋಲ್ಟೇಜ್ ಏರುವುದರಲ್ಲಿ ಅದರ ಪಾಲಿದೆ. ಪ್ಲಾಂಟಿನ ಮುಖ್ಯ ಟ್ರಾನ್ಸ್‌ಫಾರ್ಮರ್ ಮತ್ತು ಅಲ್ಲಿಂದ ಪೂಲಿಂಗ್ ಸ್ಟೇಷನ್, ಅಂದರೆ ಹಲವು ಪ್ಲಾಂಟ್‌ಗಳ ಪವರ್ ಕೂಡುವ ಸಬ್‌ಸ್ಟೇಷನ್‌ವರೆಗಿನ ಲೈನ್ ಹೇಗಿವೆಯೋ ಹಾಗೇ ಇರಲಿ.

ಸೈಟ್_ಬಿಸಿಲು

ಮೇಲಿನವರು ಹೇಳಿದ್ದು ಸರಿ. ನಾನು ಕಮಿಷನಿಂಗ್ ಕಡೆಯವನು, ಸೈಟ್‌ನಲ್ಲಿ ಕಾಣುವುದನ್ನು ಸೇರಿಸುತ್ತೇನೆ.

ಸ್ಟಡಿ ಮಾಡುವವರು ಮಾಡೆಲ್‌ಗೆ ಪುಸ್ತಕದ ಮಾದರಿ ಸಂಖ್ಯೆಗಳನ್ನು ಹಾಕುತ್ತಾರೆ. ಪ್ಲಾಂಟ್‌ನಲ್ಲಿರುವ ಸೆಟ್ಟಿಂಗ್ ಬೇರೆಯೇ ಇರುತ್ತದೆ. ನಾನು ನೋಡಿದ ಒಂದು ಪ್ಲಾಂಟ್‌ನಲ್ಲಿ ಸ್ಟಡಿ ರಿಪೋರ್ಟ್ ವೋಲ್ಟೇಜ್ ಕಂಟ್ರೋಲ್ ಅಂದಿತ್ತು, ಪಿಪಿಸಿ ಓಡುತ್ತಿದ್ದದ್ದು ಸ್ಥಿರ ಪವರ್ ಫ್ಯಾಕ್ಟರ್‌ನಲ್ಲಿ. ಇದು ಸಣ್ಣ ವಿಷಯ ಅಲ್ಲ. 2025ರ ಏಪ್ರಿಲ್ 28ರಂದು ಸ್ಪೇನ್, ಪೋರ್ಚುಗಲ್ ಎರಡೂ ಕತ್ತಲಾದವಲ್ಲ, ಅಲ್ಲಿ ವೋಲ್ಟೇಜ್ ಏರುತ್ತಾ ಹೋಗಿ ಒಂದರ ಹಿಂದೆ ಒಂದು ಪ್ಲಾಂಟ್ ಕಳಚಿಕೊಂಡವು. ಅಲ್ಲಿನ ಸೋಲಾರ್, ವಿಂಡ್ ಪ್ಲಾಂಟ್‌ಗಳಲ್ಲಿ ಬಹಳಷ್ಟು ನಿಯಮದ ಪ್ರಕಾರವೇ ಸ್ಥಿರ ಪವರ್ ಫ್ಯಾಕ್ಟರ್‌ನಲ್ಲಿ ಇದ್ದವು, ವೋಲ್ಟೇಜ್ ಹಿಡಿಯುವ ಕೆಲಸ ಅವುಗಳದ್ದಾಗಿರಲಿಲ್ಲ. ಮಾಡೆಲ್‌ನಲ್ಲಿ ಇದು ಎರಡು ಮೂರು ಫ್ಲ್ಯಾಗ್‌ಗಳ ಮಾತು. ಆದ್ದರಿಂದ ಡೇಟಾ ಕೇಳುವಾಗ "ಪ್ಯಾರಾಮೀಟರ್ ಕೊಡಿ" ಅನ್ನಬೇಡಿ, "ಈಗ ಪಿಪಿಸಿ ಸ್ಕ್ರೀನ್‌ನಲ್ಲಿ ಇರುವ ಮೋಡ್ ಮತ್ತು ಇನ್ವರ್ಟರ್‌ನಿಂದ ಇಳಿಸಿದ ಸೆಟ್ಟಿಂಗ್ ಫೈಲ್ ಕೊಡಿ" ಅಂತ ಕೇಳಿ.

ಎರಡನೆಯದು ಪ್ರೊಟೆಕ್ಷನ್. ಕರೆಂಟ್ ಲಿಮಿಟ್ ಹಾಕಿ ಟ್ರಿಪ್ ಸೆಟ್ಟಿಂಗ್ ಬಿಟ್ಟರೆ ಮಾಡೆಲ್‌ನಲ್ಲಿ ನಿಮ್ಮ ಪ್ಲಾಂಟ್ ಎಂದೂ ಬೀಳುವುದಿಲ್ಲ. ನಮ್ಮಲ್ಲಿ ಸಿಇಎ (ಕೇಂದ್ರ ವಿದ್ಯುತ್ ಪ್ರಾಧಿಕಾರ) ಕನೆಕ್ಟಿವಿಟಿ ನಿಯಮದ ಪ್ರಕಾರ ವೋಲ್ಟೇಜ್ 0.15 ಪಿಯುಗೆ ಬಿದ್ದರೂ 300 ಮಿಲಿಸೆಕೆಂಡು ಗ್ರಿಡ್ ಬಿಡಬಾರದು, ಆಮೇಲೆ 3 ಸೆಕೆಂಡಿನೊಳಗೆ 0.85ಕ್ಕೆ ಏರುವ ಗೆರೆಯ ಮೇಲೆ ವೋಲ್ಟೇಜ್ ಇರುವಷ್ಟು ಕಾಲವೂ ಬಿಡಬಾರದು. ಮೇಲಿನ ಕಡೆಗೂ ಮಿತಿ ಇದೆ, 1.1ರಿಂದ 1.2ರವರೆಗೆ 2 ಸೆಕೆಂಡು, 1.2ರಿಂದ 1.3ರವರೆಗೆ 0.2 ಸೆಕೆಂಡು ತಡೆಯಬೇಕು. ಎಲ್ಲರೂ ಎಲ್‌ವಿಆರ್‌ಟಿ, ಅಂದರೆ ಕಡಿಮೆ ವೋಲ್ಟೇಜ್ ತಡೆಯುವುದನ್ನು ಮಾತ್ರ ನೋಡುತ್ತಾರೆ. ನನ್ನ ಪ್ರಕಾರ ಜಾಸ್ತಿ ಗಮನ ಬೇಕಾದದ್ದು ಫಾಲ್ಟ್ ಹೋದ ಮರುಕ್ಷಣದ ಹೈ ವೋಲ್ಟೇಜ್. ಫಾಲ್ಟ್ ಸಮಯದಲ್ಲಿ ಪಿಪಿಸಿಯ ಇಂಟಿಗ್ರೇಟರ್ ಅನ್ನು ಹಿಡಿದು ನಿಲ್ಲಿಸದಿದ್ದರೆ ಅದು "ವೋಲ್ಟೇಜ್ ಕಡಿಮೆ, ಇನ್ನೂ ಕ್ಯೂ ಕೊಡು" ಅಂತ ಏರುತ್ತಲೇ ಹೋಗುತ್ತದೆ, ಫಾಲ್ಟ್ ಹೋದಾಗ ಆ ಕ್ಯೂ ಎಲ್ಲಾ ಗ್ರಿಡ್ ಮೇಲೆ ಬೀಳುತ್ತದೆ, ಆಗಲೇ ಉದ್ದ ಲೈನ್‌ಗಳ ಚಾರ್ಜಿಂಗ್ ಕೂಡ ಇರುತ್ತದೆ, ಪ್ಲಾಂಟ್ ಎಚ್‌ವಿಆರ್‌ಟಿಯಲ್ಲಿ, ಅಂದರೆ ಹೈ ವೋಲ್ಟೇಜ್ ಮಿತಿ ದಾಟಿ, ಟ್ರಿಪ್ ಆಗುತ್ತದೆ. ಆರ್‌ಇಪಿಸಿಯಲ್ಲಿ ವಿಎಫ್‌ಆರ್‌ಝಡ್ ಅಂತ ಒಂದು ಸಂಖ್ಯೆ ಇದೆ, ಇಂಟಿಗ್ರೇಟರ್ ಅನ್ನು ಯಾವ ವೋಲ್ಟೇಜ್‌ನ ಕೆಳಗೆ ನಿಲ್ಲಿಸಬೇಕು ಅಂತ ಹೇಳುವುದು ಅದೇ. ಅದನ್ನು ಸೊನ್ನೆ ಬಿಡಬೇಡಿ. ರಾಜಸ್ಥಾನದ ಸೋಲಾರ್ ಪ್ರದೇಶದಲ್ಲಿ ಒಂದು ಲೈನ್ ಫಾಲ್ಟ್‌ಗೆ ಸಾವಿರಾರು ಮೆಗಾವಾಟ್ ಬಿದ್ದ ಘಟನೆಗಳ ಚರ್ಚೆಯಲ್ಲಿ ಎಲ್‌ವಿಆರ್‌ಟಿಯ ಜೊತೆಗೆ ಈ ಹೈ ವೋಲ್ಟೇಜ್ ಮತ್ತೆ ಮತ್ತೆ ಬಂದಿದೆ.

ಇನ್ನೊಂದು, ಪವರ್ ವಾಪಸ್ ಬರುವ ವೇಗ. ವೋಲ್ಟೇಜ್ ಸರಿಯಾದ 1 ಸೆಕೆಂಡಿನಲ್ಲಿ ಮೊದಲಿನ ಪವರ್‌ನ 90 ಶೇಕಡಾ ಬರಬೇಕು ಅಂತ ನಿಯಮ ಇದೆ. ಮಾಡೆಲ್‌ನ ರ‍್ಯಾಂಪ್ ಸಂಖ್ಯೆ ಲೈಬ್ರರಿಯಲ್ಲಿ ಸಾಮಾನ್ಯವಾಗಿ ಸೆಕೆಂಡಿಗೆ 10 ಪಿಯು ಇರುತ್ತದೆ, ಅಂದರೆ ಹತ್ತನೇ ಒಂದು ಸೆಕೆಂಡಿನಲ್ಲಿ ಪೂರ್ತಿ ಪವರ್. ಇನ್ವರ್ಟರ್‌ನ ಸೆಟ್ಟಿಂಗ್ ನಿಧಾನವಾಗಿದ್ದರೆ ನಿಮ್ಮ ಗ್ರಾಫ್ ಸುಳ್ಳು ಧೈರ್ಯ ಕೊಡುತ್ತದೆ.

ರೈನ್_ತೀರದಿಂದ

ನಾನು ಜರ್ಮನಿಯಲ್ಲಿ ಡಿಸ್ಟ್ರಿಬ್ಯೂಷನ್ ಕಡೆ ಕೆಲಸ ಮಾಡುತ್ತೇನೆ. ಸಣ್ಣ ಪ್ಲಾಂಟ್‌ಗಳನ್ನು ಯಾರೂ ಮರೆಯಬಾರದು ಅಂತ ಹೇಳಲು ಬಂದೆ.

ಇಲ್ಲಿ ಒಂದು ಕಾಲದಲ್ಲಿ ಮನೆಮೇಲಿನ ಸೋಲಾರ್ ಇನ್ವರ್ಟರ್‌ಗಳಿಗೆ ಫ್ರೀಕ್ವೆನ್ಸಿ 50.2 ಹರ್ಟ್ಸ್ ದಾಟಿದ ತಕ್ಷಣ ಬಂದ್ ಆಗಬೇಕು ಅಂತ ನಿಯಮ ಇತ್ತು. ಒಂದೊಂದು ಇನ್ವರ್ಟರ್ ನೋಡಿದರೆ ಸರಿಯಾದ ನಿಯಮವೇ. ಆದರೆ ಲಕ್ಷಾಂತರ ಮನೆಗಳಲ್ಲಿ ಒಂದೇ ಸಂಖ್ಯೆ ಕೂತಿತು. ಬಿಸಿಲಿನ ದಿನ ಫ್ರೀಕ್ವೆನ್ಸಿ ಒಮ್ಮೆ ಆ ಗೆರೆ ಮುಟ್ಟಿದರೆ ಸಾವಿರಾರು ಮೆಗಾವಾಟ್ ಒಂದೇ ಕ್ಷಣಕ್ಕೆ ಹೋಗುತ್ತಿತ್ತು. ಇಡೀ ಯುರೋಪ್ ಖಂಡದ ಗ್ರಿಡ್ ಪ್ರೈಮರಿ ರಿಸರ್ವ್ ಇಟ್ಟುಕೊಳ್ಳುವುದು 3000 ಮೆಗಾವಾಟ್ ಮಾತ್ರ. 2012ರಲ್ಲಿ ಸರ್ಕಾರ ಪ್ರತ್ಯೇಕ ಆದೇಶ ತಂದು 10 ಕಿಲೋವಾಟ್‌ಗಿಂತ ದೊಡ್ಡದಾದ ಸುಮಾರು 3,15,000 ಪ್ಲಾಂಟ್‌ಗಳ ಸೆಟ್ಟಿಂಗ್ ಬದಲಿಸಬೇಕಾಯಿತು. ಇದನ್ನು ಯಾಕೆ ಹೇಳುತ್ತಿದ್ದೇನೆ ಅಂದರೆ, ಆ ಅಪಾಯ ಕಾಣಲು ಪ್ಯಾನೆಲ್ ಮಾಡೆಲ್ ಬೇಕಿರಲಿಲ್ಲ. ಎಷ್ಟು ಮೆಗಾವಾಟ್ ಯಾವ ಸಂಖ್ಯೆಗೆ ಬೀಳುತ್ತದೆ ಅನ್ನುವ ಒಂದು ಕೋಷ್ಟಕ ಸಾಕಿತ್ತು.

ಕರ್ನಾಟಕದಲ್ಲೂ ಮನೆ ಮಾಳಿಗೆ ಮೇಲೆ, ಪಂಪ್‌ಸೆಟ್ ಫೀಡರ್‌ಗಳ ಜೊತೆ ಸಣ್ಣ ಸೋಲಾರ್ ಹೆಚ್ಚುತ್ತಿದೆಯಲ್ಲ. ಅವುಗಳಿಗೆ ಆರ್‌ಇಜಿಸಿ, ಆರ್‌ಇಇಸಿ ಹಾಕಬೇಡಿ, ತುಂಬಾ ಭಾರ. ಡಿಇಆರ್-ಎ ಅನ್ನುವ ಸರಳ ಮಾಡೆಲ್ ಇದೆ, ಅದನ್ನು ಲೋಡ್ ಮಾಡೆಲ್ ಜೊತೆಗೇ ಒಂದು ಸಬ್‌ಸ್ಟೇಷನ್ ಬಸ್‌ಗೆ ಕೂರಿಸಬಹುದು. ಅದರಲ್ಲಿ ನನಗೆ ತುಂಬಾ ಇಷ್ಟವಾಗುವ ಭಾಗ ಅಂದರೆ ಭಾಗಶಃ ಟ್ರಿಪ್. ಫೀಡರ್ ಶುರುವಿನ ಮನೆಗೂ ಕೊನೆಯ ಮನೆಗೂ ವೋಲ್ಟೇಜ್ ಒಂದೇ ಇರುವುದಿಲ್ಲ, ಹಾಗಾಗಿ ಎಲ್ಲಾ ಒಟ್ಟಿಗೆ ಬೀಳುವುದಿಲ್ಲ. ಎರಡು ವೋಲ್ಟೇಜ್ ಮಿತಿ ಕೊಟ್ಟರೆ ಅವುಗಳ ನಡುವೆ ವೋಲ್ಟೇಜ್ ಎಷ್ಟು ಇಳಿದರೆ ಅಷ್ಟು ಭಾಗ ಕಳಚಿಕೊಳ್ಳುತ್ತದೆ. ವೋಲ್ಟೇಜ್ ವಾಪಸ್ ಬಂದಾಗ ಎಷ್ಟು ಭಾಗ ಮತ್ತೆ ಸೇರುತ್ತದೆ ಅನ್ನುವುದಕ್ಕೂ ಒಂದು ಸಂಖ್ಯೆ ಇದೆ. ಲಕ್ಷ ಇನ್ವರ್ಟರ್‌ಗಳ ನಡವಳಿಕೆಯನ್ನು ಇಷ್ಟು ಕಡಿಮೆ ಸಂಖ್ಯೆಗಳಲ್ಲಿ ಹಿಡಿದಿರುವುದು ನಿಜಕ್ಕೂ ಒಳ್ಳೆಯ ಕೆಲಸ.

ಪವರ್‌ಸಿಸ್ಟಮ್_ವಿದ್ಯಾರ್ಥಿ

ಎಲ್ಲರಿಗೂ ತುಂಬಾ ಧನ್ಯವಾದ ಸರ್. ಥರ್ಮಲ್ ಯೂನಿಟ್ ಜೊತೆ ಹೋಲಿಸಿ ಹೇಳಿದ್ದು ಗೈಡ್‌ಗೂ ಹಿಡಿಸಿತು. ಅವರು ಈಗ ಇನ್ನೊಂದು ಕೇಳುತ್ತಿದ್ದಾರೆ. ಸರಳ ಮಾಡೆಲ್ ಎಲ್ಲಿ ಕೈಕೊಡುತ್ತದೆ ಅಂತ ಥೀಸಿಸ್‌ನಲ್ಲಿ ಒಂದು ಅಧ್ಯಾಯ ಬೇಕಂತೆ. ನನ್ನ ಸಿಮ್ಯುಲಿಂಕ್ ಮಾಡೆಲ್ ಅಲ್ಲಿ ಉಪಯೋಗಕ್ಕೆ ಬರುತ್ತದಾ? ಮತ್ತೆ ಫ್ರೀಕ್ವೆನ್ಸಿ ರಿಲೇ ಹಾಕಿ ಓಡಿಸಿದೆ, ಫಾಲ್ಟ್ ಆದ ಕ್ಷಣಕ್ಕೇ ಪ್ಲಾಂಟ್ ಟ್ರಿಪ್ ಆಗುತ್ತಿದೆ. ಗ್ರಿಡ್ ಫ್ರೀಕ್ವೆನ್ಸಿ ಅಷ್ಟು ಇಳಿದೇ ಇಲ್ಲ.

ಲಕ್ಕವಳ್ಳಿ_ಲೋಡ್‌ಫ್ಲೋ

ಆ ಟ್ರಿಪ್ ನಿಜವಾದದ್ದಲ್ಲ. ಪಿಎಸ್‌ಎಸ್‌ಇಯಂಥ ಸಾಫ್ಟ್‌ವೇರ್ ಬಸ್ ಫ್ರೀಕ್ವೆನ್ಸಿಯನ್ನು ಲೆಕ್ಕ ಹಾಕುವುದು ವೋಲ್ಟೇಜ್ ಆಂಗಲ್ ಎಷ್ಟು ಬೇಗ ಬದಲಾಗುತ್ತದೆ ಅನ್ನುವುದರಿಂದ. ಫಾಲ್ಟ್ ಕ್ಷಣದಲ್ಲಿ ಆಂಗಲ್ ಒಮ್ಮೆಲೇ ಜಿಗಿಯುತ್ತದೆ, ಫ್ರೀಕ್ವೆನ್ಸಿಯಲ್ಲಿ ಮೊನಚಾದ ಮುಳ್ಳು ಏಳುತ್ತದೆ. ಸರಿಯಾದ ಫಿಲ್ಟರ್ ಮತ್ತು ವಿಳಂಬ ಹಾಕಿ.

ಆದರೆ ಇದೇ ವಿಷಯ ನಿಜವಾದ ಇನ್ವರ್ಟರ್‌ಗಳಲ್ಲೂ ಆಗಿದೆ. 2016ರ ಆಗಸ್ಟ್ 16ರಂದು ಕ್ಯಾಲಿಫೋರ್ನಿಯಾದಲ್ಲಿ ಬ್ಲೂ ಕಟ್ ಅನ್ನುವ ಕಾಡ್ಗಿಚ್ಚಿನಿಂದ 500 ಕೆವಿ ಲೈನ್‌ಗಳಲ್ಲಿ ಫಾಲ್ಟ್ ಆಯಿತು. ಫಾಲ್ಟ್ ಬೇಗನೇ ಹೋಯಿತು, ಆದರೂ ಸುಮಾರು 1200 ಮೆಗಾವಾಟ್ ಸೋಲಾರ್ ಕಳೆದುಹೋಯಿತು. ಅದರಲ್ಲಿ ಸುಮಾರು 700 ಮೆಗಾವಾಟ್ ಬಿದ್ದದ್ದು ಇನ್ವರ್ಟರ್‌ಗಳು ಫ್ರೀಕ್ವೆನ್ಸಿಯನ್ನು ತಪ್ಪಾಗಿ ಅಳೆದದ್ದರಿಂದ. ಇನ್ನು ಸುಮಾರು 450 ಮೆಗಾವಾಟ್ ವೋಲ್ಟೇಜ್ 0.9ಕ್ಕಿಂತ ಇಳಿದಾಗ ಕರೆಂಟ್ ಕೊಡುವುದನ್ನೇ ಸ್ವಲ್ಪ ಹೊತ್ತು ನಿಲ್ಲಿಸಿಬಿಟ್ಟವು. ಗ್ರಿಡ್‌ಗೆ ಕನೆಕ್ಟ್ ಆಗಿಯೇ ಇದ್ದವು, ಆದರೆ ಕೊಟ್ಟದ್ದು ಸೊನ್ನೆ. ಅಂಥ ಇನ್ವರ್ಟರ್ ಇದ್ದರೆ ಆರ್‌ಇಇಸಿಯ ಬಿ ಆವೃತ್ತಿ ಸಾಲದು, ಎ ಆವೃತ್ತಿ ಬಳಸಿ. ವೋಲ್ಟೇಜ್‌ಗೆ ತಕ್ಕಂತೆ ಕರೆಂಟ್ ಮಿತಿ ಹೇಳುವ ಕೋಷ್ಟಕ ಇರುವುದು ಅದರಲ್ಲಿ.

ಈಗ ನಿಮ್ಮ ಅಧ್ಯಾಯಕ್ಕೆ. ಸರಳ ಮಾಡೆಲ್ ಮೊದಲು ಕೈಕೊಡುವುದು ದುರ್ಬಲ ಗ್ರಿಡ್‌ನಲ್ಲಿ. ಬಸ್‌ನ ಫಾಲ್ಟ್ ಎಂವಿಎಯನ್ನು ಪ್ಲಾಂಟ್ ಮೆಗಾವಾಟ್‌ನಿಂದ ಭಾಗಿಸಿದರೆ ಬರುವುದು ಎಸ್‌ಸಿಆರ್, ಗ್ರಿಡ್ ಎಷ್ಟು ಬಲವಾಗಿದೆ ಅನ್ನುವ ಅಳತೆ. ಉದಾಹರಣೆಗೆ ಒಂದು ಬಸ್‌ನಲ್ಲಿ 1500 ಎಂವಿಎ ಇದೆ, 300 ಮೆಗಾವಾಟ್ ಪ್ಲಾಂಟ್ ಸೇರಿದೆ, ಎಸ್‌ಸಿಆರ್ 5, ನಿಶ್ಚಿಂತೆ. ಪಕ್ಕದಲ್ಲೇ ಇನ್ನೊಂದು 300 ಮೆಗಾವಾಟ್ ಬಂತು. ಇಬ್ಬರೂ ಅದೇ ಬಲವನ್ನು ಹಂಚಿಕೊಳ್ಳಬೇಕು, 2.5 ಆಯಿತು. ಒಂದು ಲೈನ್ ಔಟೇಜ್ ಆಗಿ ಫಾಲ್ಟ್ ಮಟ್ಟ 900ಕ್ಕೆ ಇಳಿದರೆ 1.5. ಎಸ್‌ಸಿಆರ್ 3ಕ್ಕಿಂತ ಕೆಳಗೆ ಬಂದರೆ ನಾನು ಆರ್‌ಇಜಿಸಿ-ಎ ಫಲಿತಾಂಶವನ್ನು ನಂಬುವುದಿಲ್ಲ. ಅಲ್ಲಿ ಪಿಎಲ್‌ಎಲ್ ಮತ್ತು ಒಳಗಿನ ಕರೆಂಟ್ ಲೂಪ್ ಗ್ರಿಡ್ ಜೊತೆ ಜಗಳಕ್ಕೆ ಬೀಳುತ್ತವೆ, ನಾವು ತೆಗೆದು ಹಾಕಿದ್ದು ಅವನ್ನೇ ಅಲ್ವಾ! ಆರ್‌ಇಜಿಸಿ-ಸಿ ಆವೃತ್ತಿಯಲ್ಲಿ ಪಿಎಲ್‌ಎಲ್ ಇದೆ, ಸ್ವಲ್ಪ ಮಟ್ಟಿಗೆ ಸಹಾಯ ಆಗುತ್ತದೆ. ತೀರ್ಮಾನ ಮಾತ್ರ ಇಎಂಟಿಯಲ್ಲೇ, ಅಂದರೆ ನಿಮ್ಮ ಸಿಮ್ಯುಲಿಂಕ್ ಮಾಡೆಲ್‌ನಂಥ ಮೈಕ್ರೊಸೆಕೆಂಡ್ ಸ್ಟೆಪ್‌ನ ಸಿಮ್ಯುಲೇಷನ್‌ನಲ್ಲೇ, ಆಗಬೇಕು. ಒಂದು ಫೇಸ್ ಫಾಲ್ಟ್‌ಗೂ ಅಷ್ಟೇ, ಪಾಸಿಟಿವ್ ಸೀಕ್ವೆನ್ಸ್ ಮಾಡೆಲ್‌ಗೆ, ಅಂದರೆ ಮೂರೂ ಫೇಸ್ ಸಮ ಅಂತ ಹಿಡಿಯುವ ಈ ಸರಳ ಮಾಡೆಲ್‌ಗೆ, ಫೇಸ್‌ಗಳ ನಡುವಿನ ವ್ಯತ್ಯಾಸ ಕಾಣುವುದೇ ಇಲ್ಲ, ನಿಜವಾದ ಲೈನ್‌ಗಳಲ್ಲಿ ಜಾಸ್ತಿ ಆಗುವುದು ಅಂಥ ಫಾಲ್ಟ್‌ಗಳೇ.

ನಿಮ್ಮ ಸಿಮ್ಯುಲಿಂಕ್ ಮಾಡೆಲ್ ಇಲ್ಲಿ ಕೆಲಸಕ್ಕೆ ಬರುತ್ತದೆ. ಒಂದು ಇನ್ವರ್ಟರ್, ಅದರ ಟ್ರಾನ್ಸ್‌ಫಾರ್ಮರ್, ಆಮೇಲೆ ಒಂದು ಇಂಪೆಡೆನ್ಸ್ ಹಿಂದೆ ವೋಲ್ಟೇಜ್ ಸೋರ್ಸ್, ಇಷ್ಟೇ ನೆಟ್‌ವರ್ಕ್ ಇಡಿ. ಅದೇ ನೆಟ್‌ವರ್ಕ್ ಪಿಎಸ್‌ಎಸ್‌ಇಯಲ್ಲೂ ಕಟ್ಟಿ. ಎರಡಕ್ಕೂ ಒಂದೇ ವೋಲ್ಟೇಜ್ ಕುಸಿತ ಕೊಟ್ಟು ಎಸ್‌ಸಿಆರ್ ಅನ್ನು 10ರಿಂದ ಶುರು ಮಾಡಿ 1.5ರವರೆಗೆ ಇಳಿಸುತ್ತಾ ಹೋಗಿ. ಎಲ್ಲಿ ಎರಡು ಕರ್ವ್ ಬೇರೆ ಆಗುತ್ತವೆ ಅಂತ ಗುರುತು ಹಾಕಿ. ಆ ಅಧ್ಯಾಯ ಅಲ್ಲೇ ಸಿಗುತ್ತದೆ.

ಸೈಟ್_ಬಿಸಿಲು

ಇದಕ್ಕೆ ಒಂದು ಸೇರಿಸಿ. ಎರಡು ಮಾಡೆಲ್ ಒಂದಕ್ಕೊಂದು ಹೊಂದಿದರೆ ಸಾಲದು, ಪ್ಲಾಂಟ್‌ಗೆ ಹೊಂದಬೇಕು. ಪೂಲಿಂಗ್ ಸ್ಟೇಷನ್‌ನ ಡಿಸ್ಟರ್ಬೆನ್ಸ್ ರೆಕಾರ್ಡರ್‌ನಲ್ಲಿ ಯಾವುದಾದರೂ ಹಳೆಯ ಫಾಲ್ಟ್‌ನ ವೋಲ್ಟೇಜ್, ಕರೆಂಟ್ ದಾಖಲೆ ಸಿಗುತ್ತದೆಯಾ ಅಂತ ಕಾಲೇಜಿನ ಪತ್ರ ಹಿಡಿದು ಕೇಳಿ ನೋಡಿ. ಪಿಎಂಯು (ಗ್ರಿಡ್‌ನ ವೋಲ್ಟೇಜ್, ಕರೆಂಟ್ ಫೇಸರ್ ಅಳೆಯುವ ಉಪಕರಣ) ಡೇಟಾ ಸಿಕ್ಕರೂ ಆಗುತ್ತದೆ. ದಾಖಲಾದ ವೋಲ್ಟೇಜ್ ಅನ್ನೇ ಮಾಡೆಲ್‌ನ ಟರ್ಮಿನಲ್‌ಗೆ ಕೊಟ್ಟು ಪಿ ಮತ್ತು ಕ್ಯೂ ಹೇಗೆ ಬರುತ್ತದೆ ಅಂತ ಹೋಲಿಸಿ. ಇಡೀ ನೆಟ್‌ವರ್ಕ್ ಬೇಕಾಗುವುದಿಲ್ಲ. ಕ್ಯೂ ಹೊಂದದಿದ್ದರೆ ಮೊದಲು ಪ್ರಯಾರಿಟಿ ಫ್ಲ್ಯಾಗ್ ನೋಡಿ, ಆಮೇಲೆ ಕೆಕ್ಯೂವಿ. ಪಿ ವಾಪಸ್ ಬರುವುದು ಹೊಂದದಿದ್ದರೆ ರ‍್ಯಾಂಪ್. ಫಾಲ್ಟ್ ಹೋಗಿ ಕೆಲವು ಸೆಕೆಂಡಿನ ನಂತರ ಮಾತ್ರ ವ್ಯತ್ಯಾಸ ಇದ್ದರೆ ಅದು ಪಿಪಿಸಿ. ಇನ್ವರ್ಟರ್ ಸೆಟ್ಟಿಂಗ್ ಫೈಲ್ ಸಿಕ್ಕರೆ ಇಲ್ಲಿ ಹಾಕಿ, ಯಾವ ಸಂಖ್ಯೆ ಮಾಡೆಲ್‌ನ ಯಾವ ಪ್ಯಾರಾಮೀಟರ್‌ಗೆ ಹೋಗುತ್ತದೆ ಅಂತ ಕೂತು ನೋಡೋಣ. ಕಂಪನಿ ಹೆಸರು, ಪ್ಲಾಂಟ್ ಹೆಸರು ಮಾತ್ರ ತೆಗೆದುಬಿಡಿ.